ಸಹಾಯ ಬೇಕು: ಕಥೋಲಿಕ ಮೌಲ್ಯಗಳಿಗೆ ಹೊಂದುವಂತೆ ಆಹಾರ ಕೊಳ್ಳುವುದು ಹೇಗೆ?

ಆತ್ಮೀಯರೇ, ಕೊಳ್ಳುವುದು ಬರೀ ಹಣಕಾಸಿನ ವ್ಯವಹಾರವಲ್ಲ, ಅದು ಯಾವಾಗಲೂ ನೈತಿಕ ಕ್ರಿಯೆಯೂ ಹೌದು ಎಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಅವರು 2009ರ ತಮ್ಮ ವಿಶ್ವಪತ್ರದಲ್ಲಿ, ಅಂದರೆ ಇಡೀ ಧರ್ಮಸಭೆಗೆ ಬರೆದ ಬೋಧನಾ ಪತ್ರದಲ್ಲಿ, ಹೇಳಿದ್ದು, 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರೂ ಆ ಮಾತನ್ನು ಎತ್ತಿ ಹೇಳಿದ್ದು ನಿಮಗೆ ತಿಳಿದೇ ಇದೆ. ಇದನ್ನು ದಿನನಿತ್ಯದ ಅಡುಗೆಮನೆಗೆ ತರಬೇಕೆಂಬುದು ನನ್ನ ಆಸೆ.

ಪೊಟ್ಟಣದ ಹಿಂಬದಿಯಲ್ಲಿ ತೂಕ, ಪದಾರ್ಥಗಳ ಪಟ್ಟಿ, ಕೊನೆಯ ದಿನಾಂಕ ಎಲ್ಲವೂ ಇರುತ್ತವೆ. ಆದರೆ ಬೆಳೆ ಕೊಯ್ದವರಿಗೆ ನ್ಯಾಯವಾದ ಕೂಲಿ ಸಿಕ್ಕಿತೇ ಎಂಬುದು ಮಾತ್ರ ಇರುವುದಿಲ್ಲ. ಪೋಪ್ ಹದಿಮೂರನೇ ಲಿಯೋ ಅವರು 1891ರಲ್ಲೇ ಒತ್ತಿ ಹೇಳಿದ್ದ ಈ ನ್ಯಾಯವನ್ನು ಕೊಳ್ಳುವವರು ತಿಳಿದುಕೊಳ್ಳುವ ದಾರಿ ಯಾವುದು? ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದು ಮನುಷ್ಯನ ಘನತೆಗೆ ವಿರುದ್ಧವೆಂದು ಕಥೋಲಿಕ ಧರ್ಮಸಭೆ ಬೋಧಿಸುವುದರಿಂದ, ಮಾಂಸ, ಮೊಟ್ಟೆ, ಹಾಲು ಕೊಳ್ಳುವಾಗ ಮಾರುವವರನ್ನು ಏನೇನು ಕೇಳಬೇಕು?

ಪ್ರಾಯಶ್ಚಿತ್ತವಾಗಿ ನಾವು ಪಾಲಿಸುವ ಶುಕ್ರವಾರದ ಮಾಂಸವರ್ಜನೆಯ ಬಗ್ಗೆಯೂ ಒಂದು ಪ್ರಶ್ನೆಯಿದೆ. ನಿಯಮ ಮೀನನ್ನು ತಡೆಯುವುದಿಲ್ಲ, ನಿಜ. ಆದರೂ ಮಾಂಸದ ಬದಲು ದುಬಾರಿ ಮೀನಿನೂಟ ಮಾಡಿದರೆ ಪ್ರಾಯಶ್ಚಿತ್ತದ ಅರ್ಥವೇ ಉಳಿಯದು ಎಂದು ನನಗನ್ನಿಸುತ್ತದೆ. ಸರಳವಾಗಿ ಉಂಡು, ಉಳಿದ ಹಣವನ್ನು ಹಸಿದವರಿಗೆ ಮುಡಿಪಿಡುವ ಕ್ರಮವನ್ನು ಪಾಲಿಸುತ್ತಿರುವ ಕುಟುಂಬಗಳು, ಮಕ್ಕಳನ್ನು ಇದರಲ್ಲಿ ಹೇಗೆ ಒಳಗೊಳ್ಳುತ್ತೀರಿ ಎಂಬುದನ್ನೂ ಸೇರಿಸಿ, ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.