ಆರೋಗ್ಯ ಕ್ಷೇತ್ರದ ಹೊಸ ಆವಿಷ್ಕಾರಗಳನ್ನು ಯಾವ ಗುಣ ಹಿಡಿದು ವಿಂಗಡಿಸಬೇಕು?

ಪ್ರಶ್ನೆ:
ಆಸ್ಪತ್ರೆ ಆಡಳಿತ ಓದುತ್ತಿದ್ದೇನೆ. ಆರೋಗ್ಯ ಸೇವೆಗೆ ಬಂದ ಹೊಸ ವಿಧಾನಗಳನ್ನು ವರ್ಗ ಮಾಡಿ ಬರೆಯಬೇಕು. ಔಷಧಿ, ಯಂತ್ರ, ಕೆಲಸದ ಕ್ರಮ, ಸಾಫ್ಟ್‌ವೇರ್ ಅಂತ ನಾಲ್ಕು ಗುಂಪು ಮಾಡಿದೆ. ಆದರೆ ಒಂದೇ ಗುಂಪಿನ ಎರಡರಲ್ಲಿ ಒಂದು ಬೇಗ ಎಲ್ಲ ಕಡೆ ಹಬ್ಬುತ್ತದೆ, ಇನ್ನೊಂದು ವರ್ಷಗಟ್ಟಲೆ ಮೂಲೆ ಸೇರುತ್ತದೆ. ಅದು ಯಾಕೆ ಅಂತ ಈ ವಿಂಗಡಣೆ ಹೇಳುವುದೇ ಇಲ್ಲ. ಬೇರೆ ದಾರಿ ಇದೆಯಾ?

ಉತ್ತರ 1:
ಇದೆ. ಹೊಸ ವಿಷಯಗಳು ಜನರಲ್ಲಿ ಹೇಗೆ ಹಬ್ಬುತ್ತವೆ ಅಂತ ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲೇ ಐದು ಗುಣ ಹೇಳಿದ್ದಾರೆ. ಹಳೆಯದಕ್ಕಿಂತ ಎಷ್ಟು ಲಾಭ, ಈಗಿನ ರೂಢಿಗೆ ಎಷ್ಟು ಹೊಂದುತ್ತದೆ, ಕಲಿಯಲು ಎಷ್ಟು ಕಷ್ಟ, ಸಣ್ಣದಾಗಿ ಮಾಡಿ ನೋಡಬಹುದಾ, ಫಲ ಕಣ್ಣಿಗೆ ಕಾಣುತ್ತದಾ. ನಾಲ್ಕನೆಯದನ್ನು ಜನ ಸುಮ್ನೆ ದಾಟಿಬಿಡುತ್ತಾರೆ. ಹೊಸ ಡ್ರೆಸಿಂಗ್ ಬಂದರೆ ಒಂದೇ ವಾರ್ಡಿನಲ್ಲಿ ಹಾಕಿ ನೋಡಿ, ಬೇಡ ಅನ್ನಿಸಿದರೆ ಬಿಡಬಹುದು. ಕಂಪ್ಯೂಟರ್ ರೆಕಾರ್ಡ್ ಹಾಗಲ್ಲ, ಲ್ಯಾಬ್, ಫಾರ್ಮಸಿ, ವಾರ್ಡ್ ಎಲ್ಲವೂ ಅದಕ್ಕೆ ಹೋಗದಿದ್ದರೆ ಅರ್ಧ ಕೆಲಸ ಕಾಗದದಲ್ಲೇ ಉಳಿದು ಎರಡೆರಡು ಸಲ ಬರೆಯಬೇಕಾಗುತ್ತದೆ.

ಉತ್ತರ 2:
ನಾನು ಆಪರೇಷನ್ ಥಿಯೇಟರ್ ನರ್ಸ್. ಐದೂ ಸರಿ, ಆದರೆ ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ಕಷ್ಟ ಯಾರಿಗೆ, ಲಾಭ ಯಾರಿಗೆ, ಯಾವಾಗ? ಅರಿವಳಿಕೆಯನ್ನೇ ನೋಡಿ. 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದರು, ಅದೇ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲೂ ಮಾಡಿದರು. ರೋಗಿ ಕಿರುಚುವುದು ನಿಂತಿತು, ಸರ್ಜನ್‌ಗೂ ನಿರಾಳ, ಫಲ ಅಲ್ಲೇ ಕಂಡಿತು. ಇನ್ನೊಂದು ಕಡೆ, ಬ್ರಿಟನ್‌ನ ಸರ್ಜನ್ ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯದ ಸೋಂಕು ತಡೆಯಬಹುದು ಎಂದು ಬರೆದರು. ಅದನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಕೈ ಸುಡುವುದು ಸರ್ಜನ್‌ಗೆ, ಲಾಭ ರೋಗಿಗೆ, ಅದೂ ದಿನಗಳಾದ ಮೇಲೆ, ಬರಬೇಕಾದ ಕೀವು ಬರಲಿಲ್ಲ ಅನ್ನುವ ರೂಪದಲ್ಲಿ. ನಿಮ್ಮ ವಿಂಗಡಣೆಯಲ್ಲಿ ಎರಡೂ ಔಷಧಿ ಗುಂಪಿಗೇ ಬೀಳುತ್ತವೆ ಅಲ್ವಾ?

ಈಗಿನ ಸರ್ಜರಿ ಚೆಕ್‌ಲಿಸ್ಟ್ ಕೂಡ ಲಿಸ್ಟರ್ ವಿಧಾನದ ಜಾತಿಯದೇ. ವಿಶ್ವ ಆರೋಗ್ಯ ಸಂಸ್ಥೆಯ ಆ ಪಟ್ಟಿಯಲ್ಲಿ 19 ಅಂಶ ಇವೆ. ಎಂಟು ಆಸ್ಪತ್ರೆಗಳಲ್ಲಿ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಆದರೂ ಕೊಯ್ಯುವ ಮುಂಚೆ ಎಲ್ಲರೂ ಕೈ ನಿಲ್ಲಿಸಿ, ಹೆಸರು ಹೇಳಿ, ಯಾವ ಕಡೆಯ ಆಪರೇಷನ್ ಅಂತ ಜೋರಾಗಿ ಹೇಳಬೇಕಾದಾಗ, ಅವಸರದಲ್ಲಿ ಯಾರೋ ಒಬ್ಬರು ಕೊನೆಗೆ ಎಲ್ಲ ಟಿಕ್ ಹಾಕಿಬಿಡುತ್ತಾರೆ. ತಪ್ಪಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ.

ಉತ್ತರ 3:
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ, ಈ ಗುಣಗಳನ್ನು ಬದಲಿಸಲೂಬಹುದು. ಭೇದಿಯಾದಾಗ ಕುಡಿಸುವ ಉಪ್ಪು-ಗ್ಲೂಕೋಸ್ ನೀರು, ಅಂದರೆ ಓಆರ್‌ಎಸ್, ಅಗ್ಗ, ಸುಲಭ, ಜೀವ ಉಳಿಸುತ್ತದೆ. ಆದರೆ ಹಳೆಯ ಓಆರ್‌ಎಸ್ ಕುಡಿಸಿದರೆ ಭೇದಿ ಕಡಿಮೆ ಆಗುತ್ತಿರಲಿಲ್ಲ, ಹೋದ ನೀರು ಲವಣ ಮಾತ್ರ ವಾಪಸ್ ಬರುತ್ತಿತ್ತು. ಮಗು ಮತ್ತೆ ಮತ್ತೆ ಭೇದಿ ಮಾಡುವುದನ್ನು ನೋಡುವ ತಾಯಿಗೆ ಇದರಿಂದ ಏನೂ ಆಗಲಿಲ್ಲ ಅನ್ನಿಸುವುದು ಸಹಜ. 2002ರಲ್ಲಿ ಸೋಡಿಯಂ, ಗ್ಲೂಕೋಸ್ ಎರಡನ್ನೂ ಇಳಿಸಿದ ಹೊಸ ಮಿಶ್ರಣಕ್ಕೆ ಶಿಫಾರಸು ಬಂತು. ಅದರಿಂದ ಭೇದಿಯ ಪ್ರಮಾಣ, ವಾಂತಿ ಎರಡೂ ತಗ್ಗುತ್ತವೆ. ಅಂದರೆ ತಾಯಿಗೆ ಕಾಣುವ ಫಲ ಜಾಸ್ತಿಯಾಯಿತು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಗಾದರೆ ಒಂದೇ ಆವಿಷ್ಕಾರ ಒಬ್ಬೊಬ್ಬರಿಗೆ ಒಂದೊಂದು ವರ್ಗಕ್ಕೆ ಬೀಳಬಹುದಾ?

ಉತ್ತರ 2:
ಖಂಡಿತ. ಮನೆಯಲ್ಲೇ ಬಿಪಿ ನೋಡಿ ಕಳಿಸುವ ವ್ಯವಸ್ಥೆ ರೋಗಿಗೆ ಓಡಾಟ ತಪ್ಪಿಸುತ್ತದೆ. ಆ ಅಂಕಿಗಳನ್ನು ದಿನಾ ಕೂತು ನೋಡಬೇಕಾದ ನರ್ಸ್‌ಗೆ ಅದು ಹೊಸ ಕೆಲಸ. ಅದಕ್ಕೇ ನಿಮ್ಮ ಪಟ್ಟಿಯಲ್ಲಿ ರೋಗಿ, ನರ್ಸ್, ವೈದ್ಯರು, ಆಡಳಿತ ಅಂತ ಬೇರೆ ಬೇರೆ ಕಾಲಂ ಹಾಕಿ, ಐದೂ ಗುಣಕ್ಕೆ ಒಬ್ಬೊಬ್ಬರ ಕಡೆಯಿಂದ ಅಂಕ ಕೊಡಿ. ನರ್ಸ್ ಕಾಲಂ ತುಂಬುವಾಗ ದಯವಿಟ್ಟು ನರ್ಸ್‌ಗಳನ್ನೇ ಕೇಳಿ.