ಕಲಿತ ಪಾಠ ಮರೆಯುವ ಸಾಲಿನಾಯ್ಡ್: ಮರಳಿ ತಂಪಾಗಿಸಿದರೆ 64 ಆಂಪಿಯರ್‌ಗೇ ಕ್ವೆಂಚ್

ಪ್ರಶ್ನೆ:
ಬೆಂಗಳೂರಿನ ನಮ್ಮ ಪ್ರಯೋಗಾಲಯಕ್ಕಾಗಿ 90 ಆಂಪಿಯರ್‌ನಲ್ಲಿ 6 ಟೆಸ್ಲಾ ಕೊಡಬೇಕಾದ ನಯೋಬಿಯಂ-ಟೈಟೇನಿಯಂ ಅತಿವಾಹಕ ತಂತಿಯ ಸಾಲಿನಾಯ್ಡ್ (ಕೊಳವೆಯಾಕಾರದ ಸುರುಳಿ ಆಯಸ್ಕಾಂತ) ಒಂದನ್ನು ಸುತ್ತಿದ್ದೇವೆ. ತಂತಿ ಸುತ್ತುವ ಅಲ್ಯೂಮಿನಿಯಂ ಬಾಬಿನ್ ಅನ್ನು ಪೀಣ್ಯದಲ್ಲಿ ಲೇತ್ ಹಿಡಿಸಿ ತಂದು, ಸುರುಳಿಗೆ ನಿರ್ವಾತದಲ್ಲಿ ಎಪಾಕ್ಸಿ ತುಂಬಿಸಿದೆವು. ದ್ರವ ಹೀಲಿಯಂನಲ್ಲಿ, 4.2 ಕೆಲ್ವಿನ್‌ನಲ್ಲಿ, ಅದು 62, 71, 78 ಆಂಪಿಯರ್‌ಗಳಲ್ಲಿ ಕ್ವೆಂಚ್ ಆಯಿತು, ಅಂದರೆ ಅತಿವಾಹಕತೆ (ರೋಧವಿಲ್ಲದೆ ಕರೆಂಟ್ ಹರಿಯುವ ಗುಣ) ತಟ್ಟನೆ ಕಳೆದುಹೋಯಿತು. ಕೊಠಡಿಯ ತಾಪಮಾನಕ್ಕೆ ತಂದು ಮತ್ತೆ ತಂಪಾಗಿಸಿದರೆ 64ಕ್ಕೇ ಬಿದ್ದಿತು. ಲೆಕ್ಕದ ಪ್ರಕಾರ ತಂತಿಯ ಮಿತಿ 112. ಇಂಡಕ್ಟೆನ್ಸ್ 2 ಹೆನ್ರಿ. ತಂತಿಯೇ ಕೆಟ್ಟಿದೆಯೇ?

ಉತ್ತರ:
ತಂತಿಯೋ ಬೆಸುಗೆಯೋ ಕೆಟ್ಟಿದ್ದರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಕರೆಂಟಿಗೆ ಬೀಳುತ್ತಿತ್ತು. ನಿಮ್ಮಲ್ಲಿ ಅದು ಏರುತ್ತಾ ಹೋಗಿದೆ, ಅಂದರೆ ಸುರುಳಿಯೊಳಗೆ ಏನೋ ಅಲುಗುತ್ತಿದೆ. ಈ ತಾಪಮಾನದಲ್ಲಿ ತಾಮ್ರದ ವಿಶಿಷ್ಟ ಉಷ್ಣ ಕೊಠಡಿಯಲ್ಲಿರುವುದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆಯಾದ್ದರಿಂದ, ತಂತಿ ಕೆಲವೇ ಮೈಕ್ರಾನ್ ಜಾರಿದರೂ, ಎಪಾಕ್ಸಿ ಕೂದಲೆಳೆಯಷ್ಟು ಬಿರಿದರೂ, ಹುಟ್ಟುವ ಶಾಖ ಆ ಜಾಗದ ಅತಿವಾಹಕತೆಯನ್ನು ಕೆಡಿಸಲು ಸಾಕಾಗುತ್ತದೆ. ಆದರೂ ಕರೆಂಟ್ ಏರುವಾಗ ಬಾಬಿನ್ನಿನ ಲೋಹದಲ್ಲಿ ಹುಟ್ಟಿ ಅದನ್ನು ಬಿಸಿಮಾಡುವ ಸುಳಿಪ್ರವಾಹದ ಶಂಕೆ ಉಳಿಯಬಾರದು. ಕರೆಂಟ್ ಏರಿಸುವ ವೇಗವನ್ನು ಅರ್ಧಕ್ಕಿಳಿಸಿ ನೋಡಿ, ಸುರುಳಿಯ ಬೇರೆ ಬೇರೆ ಭಾಗಗಳ ವೋಲ್ಟೇಜ್ ಅಳೆಯುವ ವೋಲ್ಟೇಜ್ ಟ್ಯಾಪ್‌ಗಳು ಏನು ಹೇಳುತ್ತವೆಂದೂ ತಿಳಿಸಿ.

ಪ್ರಶ್ನೆ ಕೇಳಿದವರು:
ಅರ್ಧ ವೇಗದಲ್ಲಿ 70ಕ್ಕೆ, ಹಳೆಯ ವೇಗಕ್ಕೆ ಮರಳಿದಾಗ 77ಕ್ಕೆ ಬಿತ್ತು ಸರ್. ಎರಡೂ ಸಲ ಮೊದಲು ಮುಳ್ಳಿನಂತಹ ಸಂಕೇತ ಕಂಡದ್ದು ಫ್ಲಾಂಜ್ (ಬಾಬಿನ್ನಿನ ತುದಿಯ ಅಂಚುತಟ್ಟೆ) ಪಕ್ಕದ ಟ್ಯಾಪ್‌ನಲ್ಲಿ. ಹೊರತೆಗೆದು ನೋಡಿದರೆ ಸುರುಳಿಯೂ ಫ್ಲಾಂಜೂ ಸೇರುವ ಮೂಲೆಯಲ್ಲಿ ಬಿರುಕೊಂದಿದೆ. ಕಣ್ಣಿಗೆ ಕಾಣುವುದು ಕಷ್ಟ, ಉಗುರಿಗೆ ಸಿಗುತ್ತದೆ.

ಉತ್ತರ:
ಕಳ್ಳ ಸಿಕ್ಕಿದ. ಹಳೆಯ ವೇಗಕ್ಕೆ ಮರಳಿದರೂ ಕ್ವೆಂಚ್ ಕರೆಂಟ್ ಏರಿದ್ದರಿಂದ ಸುಳಿಪ್ರವಾಹ ಕಾರಣವಲ್ಲ. ಕೊಠಡಿಯ ತಾಪಮಾನದಿಂದ 4 ಕೆಲ್ವಿನ್‌ಗೆ ಇಳಿಯುವಾಗ ಅಲ್ಯೂಮಿನಿಯಂ ಸುಮಾರು ಶೇ 0.41ರಷ್ಟು, ತಾಮ್ರ ಶೇ 0.33ರಷ್ಟು ಕುಗ್ಗುತ್ತವೆ, ನಯೋಬಿಯಂ-ಟೈಟೇನಿಯಂ ಅದಕ್ಕಿಂತಲೂ ಕಡಿಮೆ. ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದನ್ನೆಲ್ಲ ನೀವು ಎಪಾಕ್ಸಿಯಿಂದ ಒಂದಕ್ಕೊಂದು ಅಂಟಿಸಿದ್ದೀರಿ. ಕರೆಂಟ್ ಏರಿದಂತೆ ಸುರುಳಿ ತ್ರಿಜ್ಯದ ದಿಕ್ಕಿನಲ್ಲಿ ಹೊರಕ್ಕೆ ಉಬ್ಬಿ, ಅಕ್ಷದ ದಿಕ್ಕಿನಲ್ಲಿ ನಡುಭಾಗದತ್ತ ಒತ್ತಿಕೊಳ್ಳುತ್ತದೆ. ಫ್ಲಾಂಜಿನ ಅಂಟು ಹರಿಯುವುದು ಆಗಲೇ. ಬಿಗಿಯಾಗಿ ಅಂಟಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ತಿರುಗುಬಾಣ. ಫ್ಲಾಂಜಿಗೆ ಟೆಫ್ಲಾನ್ ಹಾಳೆ ಹಾಕಿ, ಬಾಬಿನ್ನಿಗೆ ಅಂಟು ಹಿಡಿಯದ ಲೇಪ ಬಳಿದು, ಸುರುಳಿ ಜಾರಲು ಬಿಡಿ. ಅಲ್ಲಿಯವರೆಗೆ ಸುಮ್ಮನೆ ಕ್ವೆಂಚ್ ಮಾಡಿಸಬೇಡಿ: 78 ಆಂಪಿಯರ್‌ನಲ್ಲಿ ಸಂಗ್ರಹವಾಗುವ ಶಕ್ತಿ ಸುಮಾರು 6 ಕಿಲೋಜೂಲ್, ಅದಷ್ಟೂ ಹೀಲಿಯಂಗೆ ಹೋದರೆ ಎರಡು ಲೀಟರಿಗೂ ಹೆಚ್ಚು ದ್ರವ ಆವಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಹೊಸದಾಗಿ ಸುತ್ತಿ, ಹಾಳೆ ಹಾಕಿ ಪರೀಕ್ಷಿಸಿದೆವು. ಮೊದಲ ಕ್ವೆಂಚ್ 83ಕ್ಕೆ. ಎರಡನೆಯ ಸಲ 90 ತಲುಪಿ ಒಂದು ಗಂಟೆ ನಿಂತಿತು. ಕೊಠಡಿಯ ತಾಪಮಾನಕ್ಕೆ ತಂದು ಮರಳಿ ತಂಪಾಗಿಸಿದ ಮೇಲೂ ನೇರವಾಗಿ 90ಕ್ಕೆ ಏರಿತು. ಫ್ಲಾಂಜ್ ಪಕ್ಕದ ಟ್ಯಾಪ್ ಈಗ ಮೌನವಾಗಿದೆ.