ಪಾಲಿಶ್ ಮಾಡಿದ ತಾಮ್ರದ ಮೇಲೆ ಲೇಸರ್ ಮಾರ್ಕಿಂಗ್ ಸಮನಾಗಿ ಮೂಡುತ್ತಿಲ್ಲ

ಪ್ರಶ್ನೆ

ನಮ್ಮಲ್ಲಿ 1064 ನ್ಯಾನೊಮೀಟರ್ ತರಂಗಾಂತರದ 20 ವ್ಯಾಟ್ ಫೈಬರ್ ಲೇಸರ್ ಯಂತ್ರವಿದ್ದು, ಅದಕ್ಕೆ 160 ಮಿ.ಮೀ. ಲೆನ್ಸ್ ಹಾಕಿದ್ದೇವೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಹಿತ್ತಾಳೆಯ ಮೇಲೆ ಅಕ್ಷರಗಳು ಸ್ಪಷ್ಟವಾಗಿ ಮೂಡುತ್ತವೆ. ಆದರೆ ಪೂರ್ಣ ಪವರ್, 60 ಕಿಲೋಹರ್ಟ್ಸ್ (ಸೆಕೆಂಡಿಗೆ 60 ಸಾವಿರ ಪಲ್ಸ್, ಅಂದರೆ ಬೆಳಕಿನ ಮಿಡಿತ) ಮತ್ತು ಸೆಕೆಂಡಿಗೆ 1500 ಮಿ.ಮೀ. ವೇಗದ ಅದೇ ಸೆಟ್ಟಿಂಗ್‌ನಲ್ಲಿ, ಕನ್ನಡಿಯಂತೆ ಹೊಳೆಯುವ ತಾಮ್ರದ ಪಟ್ಟಿಗಳ ಮೇಲೆ ಒಂದೇ ಅಕ್ಷರದ ಅರ್ಧ ಗೆರೆ ಆಳವಾಗಿ ಕಚ್ಚಿದರೆ ಉಳಿದರ್ಧ ಕಾಣುವುದೇ ಇಲ್ಲ. ಮತ್ತೊಮ್ಮೆ ಓಡಿಸಿದರೆ ಆಳವಾದದ್ದು ಇನ್ನೂ ಆಳವಾಗುತ್ತದೆ, ಮಸುಕಾದದ್ದು ಹಾಗೆಯೇ ಉಳಿಯುತ್ತದೆ. ಹೆಚ್ಚು ವ್ಯಾಟ್‌ನ ಯಂತ್ರವನ್ನು ಕೊಳ್ಳದೆ ಬೇರೆ ದಾರಿಯಿಲ್ಲವೇ?

ಉತ್ತರ 1

ಯಂತ್ರ ಬದಲಿಸುವ ಮೊದಲು ಪ್ರತಿಯೊಂದು ಪಲ್ಸ್‌ನಲ್ಲಿರುವ ಶಕ್ತಿಯನ್ನು ಲೆಕ್ಕ ಹಾಕಿ ನೋಡಿ. 20 ವ್ಯಾಟ್ ಅನ್ನು 60 ಕಿಲೋಹರ್ಟ್ಸ್‌ಗೆ ಹಂಚಿದರೆ ಒಂದು ಪಲ್ಸ್‌ಗೆ ಸಿಗುವುದು ಸುಮಾರು 0.33 ಮಿಲಿಜೂಲ್, 20 ಕಿಲೋಹರ್ಟ್ಸ್‌ಗೆ ಇಳಿಸಿದರೆ 1 ಮಿಲಿಜೂಲ್. ಪಾಲಿಶ್ ಮಾಡಿದ ತಾಮ್ರವು ಈ ತರಂಗಾಂತರದ ಬೆಳಕಿನಲ್ಲಿ ಶೇಕಡಾ 95ಕ್ಕಿಂತ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸುತ್ತದೆ, ಹೀರಿದ ಅಲ್ಪ ಶಾಖವೂ ಬೇಗನೆ ಸುತ್ತಲೂ ಹರಿದುಹೋಗುತ್ತದೆ. ಎಲ್ಲಿ ಮೇಲ್ಮೈ ಒಮ್ಮೆ ಕರಗಿ ಒರಟಾಯಿತೋ ಅಲ್ಲಿ ಹೀರಿಕೆ ಹೆಚ್ಚುತ್ತದೆ. ಆದ್ದರಿಂದಲೇ ಕಚ್ಚಿದ ಗೆರೆ ಮತ್ತೆ ಮತ್ತೆ ಕಚ್ಚುತ್ತಿದೆ.

ಫ್ರೀಕ್ವೆನ್ಸಿ ಇಳಿಸುವಾಗ ವೇಗವನ್ನೂ ಇಳಿಸಲೇಬೇಕು. 20 ಕಿಲೋಹರ್ಟ್ಸ್‌ನಲ್ಲಿ 1500 ಮಿ.ಮೀ. ವೇಗವನ್ನೇ ಉಳಿಸಿಕೊಂಡರೆ ಎರಡು ಪಲ್ಸ್‌ಗಳ ನಡುವಿನ ಅಂತರ 75 ಮೈಕ್ರಾನ್ ಆಗಿ, ಗೆರೆಯ ಬದಲು ಬಿಡಿಬಿಡಿ ಚುಕ್ಕೆಗಳು ಬೀಳುವ ಸಂಭವವಿದೆ; 500ಕ್ಕೆ ತಂದರೆ ಅದು ಮೊದಲಿನ 25 ಮೈಕ್ರಾನ್‌ಗೇ ಬರುತ್ತದೆ. ನಿಮ್ಮ ಲೇಸರ್ ಯಾವ ಫ್ರೀಕ್ವೆನ್ಸಿಯವರೆಗೆ ಇಳಿಸಿದರೂ ಪೂರ್ಣ ಪವರ್ ಕೊಡುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಅದಕ್ಕಿಂತ ಕೆಳಗಿಳಿಸಬೇಡಿ.

ಉತ್ತರ 2

ಮೇಲಿನ ಮಾತು ಸರಿಯಾದದ್ದೇ. ಆದರೆ ಪಲ್ಸ್ ಶಕ್ತಿ ಹೆಚ್ಚಿದಷ್ಟೂ ಹಿಂದಿರುಗುವ ಬೆಳಕೂ ತೀವ್ರವಾಗುತ್ತದೆ. ಅದು ಲೆನ್ಸ್ ಮೂಲಕ ನೇರವಾಗಿ ವಾಪಸಾದರೆ ಲೇಸರ್ ಮೂಲಕ್ಕೇ ಹಾನಿಯಾಗಬಹುದು. ಒಳಗೆ ಐಸೊಲೇಟರ್ (ಹಿಂದಿರುಗುವ ಬೆಳಕನ್ನು ತಡೆಯುವ ಭಾಗ) ಇದ್ದರೂ ಅದೊಂದನ್ನೇ ನಂಬಬಾರದು. ಲೆನ್ಸ್‌ನ ನಟ್ಟನಡುವೆ ಬೆಳಕು ಲಂಬವಾಗಿ ಬೀಳುವುದರಿಂದ ಅಪಾಯ ಅಲ್ಲಿಯೇ ಹೆಚ್ಚು.

ಹಾಗಾಗಿ ಪಟ್ಟಿಯನ್ನು ಸುಮಾರು 3 ಡಿಗ್ರಿ ವಾಲಿಸಿ, ಅಲುಗದಂತೆ ಹಿಡಿದಿಡುವ ಜಿಗ್‌ನಲ್ಲಿ ಕೂರಿಸಿ ಮತ್ತು ಬರಹವನ್ನು ಕೇಂದ್ರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ವಾಲಿಸುವ ದಿಕ್ಕು ಮುಖ್ಯ: 40 ಮಿ.ಮೀ. ಉದ್ದದ ಬರಹವನ್ನು ಉದ್ದಕ್ಕೆ ವಾಲಿಸಿದರೆ ಎರಡು ತುದಿಗಳ ನಡುವೆ ಸುಮಾರು 2 ಮಿ.ಮೀ. ಎತ್ತರದ ವ್ಯತ್ಯಾಸವಾಗಿ ಫೋಕಸ್ ತಪ್ಪಬಹುದು. 4 ಮಿ.ಮೀ. ಎತ್ತರದ ಅಕ್ಷರಗಳ ಅಡ್ಡಕ್ಕೆ ವಾಲಿಸಿದರೆ ವ್ಯತ್ಯಾಸ 0.2 ಮಿ.ಮೀ. ಮಾತ್ರ. ಪಕ್ಕಕ್ಕೆ ಚಿಮ್ಮುವ ಪ್ರತಿಫಲನ ಹೊರಬರದಂತೆ ಕವಚ ಮುಚ್ಚಿರಲಿ. ಕನ್ನಡಕದ ಮೇಲೆ 1064 ನ್ಯಾನೊಮೀಟರ್ ಎಂದು ನಮೂದಾಗಿರುವುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 20 ಕಿಲೋಹರ್ಟ್ಸ್, 500 ಮಿ.ಮೀ. ವೇಗದಲ್ಲಿ, ಅಡ್ಡಕ್ಕೆ ವಾಲಿಸಿದ ಪಟ್ಟಿಯ ಮೇಲೆ ಅಕ್ಷರಗಳು ಸಮನಾಗಿ ಬಂದಿವೆ. ಒಂದೆರಡು ಪಟ್ಟಿಗಳಲ್ಲಿ ಮಾತ್ರ ಬೆರಳಗಲದ ಮಸುಕು ಕಲೆಗಳು ಉಳಿದಿವೆ.

ಉತ್ತರ 1

ಆ ಕಲೆಗಳು ಬಫಿಂಗ್ (ಪಾಲಿಶ್) ಮಾಡುವಾಗ ಹಚ್ಚುವ ಮೇಣದ್ದೋ ಕೈಯ ಜಿಡ್ಡಿನದ್ದೋ ಇರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮಾರ್ಕ್ ಮಾಡಿ. ಅನಂತರ ಕೈಗವಸು ಹಾಕಿಕೊಂಡೇ ಪಟ್ಟಿಗಳನ್ನು ಮುಟ್ಟಿ. ಒರೆಸಿದ ಮೇಲೂ ಅದೇ ಜಾಗದಲ್ಲಿ ಮಸುಕು ಬಂದರೆ, ಪಟ್ಟಿ ಅಲ್ಲಿ ಬಾಗಿದೆಯೇ ಎಂದು ಸ್ಕೇಲ್ ಇಟ್ಟು ನೋಡಿ.